ಒಬ್ಬನೇ ಪೇಟೆಗೆ ಹೋಗಿ ಬರಲಿ: ಕಿವಿ ಕೇಳದ, ಕಲಿಕೆ ನಿಧಾನವಾದ ದೊಡ್ಡವರ ಮನೆಯವರಿಗೆ

ನನ್ನ ತಮ್ಮನಿಗೆ ಈಗ 34. ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಬುದ್ಧಿಯ ಬೆಳವಣಿಗೆಯೂ ನಿಧಾನ. ತೀರ್ಥಹಳ್ಳಿಯಿಂದ ಹನ್ನೆರಡು ಕಿಲೋಮೀಟರ್ ಒಳಗೆ ನಮ್ಮ ತೋಟದ ಮನೆ. ಮೂವತ್ತು ತುಂಬುವ ತನಕ ಅವನು ಒಬ್ಬನೇ ಬೇಲಿಯ ದಣಪೆ (ಗೇಟು) ದಾಟಿದ್ದಿಲ್ಲ. ನಾವು ಆರಿಸಿದ ಅಂಗಿ, ನಾವು ಬಡಿಸಿದಷ್ಟು ಊಟ, ನಾವು ದೀಪ ಆರಿಸಿದಾಗ ನಿದ್ದೆ. "ಪಾಪ, ಅವನಿಗೇನು ಗೊತ್ತಾಗುತ್ತೆ" ಅನ್ನುವುದು ನಮ್ಮ ಮನೆಯಲ್ಲಿ ಪ್ರೀತಿಯ ಮಾತಾಗಿತ್ತು. ಈಗ ವಾರಕ್ಕೊಮ್ಮೆ ಬಸ್ಸು ಹತ್ತಿ ಪೇಟೆಗೆ ಹೋಗುತ್ತಾನೆ, ಬೇಕರಿಯಲ್ಲಿ ಬನ್ನು ತಿನ್ನುತ್ತಾನೆ, ತಿಂಗಳಿಗೊಮ್ಮೆ ಕ್ಷೌರ ಮಾಡಿಸಿಕೊಂಡು ಬರುತ್ತಾನೆ. ಈ ನಾಲ್ಕು ವರ್ಷದಲ್ಲಿ ನಮಗೆ ಕೆಲಸಕ್ಕೆ ಬಂದದ್ದನ್ನೂ ನಾವು ಎಡವಿದ್ದನ್ನೂ ಇಲ್ಲಿ ಬರೆದಿದ್ದೇನೆ.

ಸ್ವಾವಲಂಬನೆ ಅಂದರೆ ಎಲ್ಲವನ್ನೂ ಒಬ್ಬನೇ ಮಾಡಿಕೊಳ್ಳುವುದು ಅಂತ ನಾನೂ ತಿಳಿದಿದ್ದೆ. ಆ ಲೆಕ್ಕದಲ್ಲಿ ನಮ್ಮಪ್ಪನೇ ಸ್ವಾವಲಂಬಿ ಅಲ್ಲ, ಎಪ್ಪತ್ತು ದಾಟಿದರೂ ಒಂದು ಲೋಟ ಕಾಫಿ ಮಾಡಿಕೊಳ್ಳಲಾರರು. ಬೇಕು, ಬೇಡ ಅಂತ ಹೇಳಲು ಒಂದು ಭಾಷೆ, ಹೇಳಿದರೆ ನಡೆಯುತ್ತದೆ ಅನ್ನುವ ಧೈರ್ಯ. ತಮ್ಮನ ಹತ್ತಿರ ಇಲ್ಲದ್ದು ಇವೆರಡೇ. ಕೆಲಸ ಶುರುವಾಗಬೇಕಾದ್ದೂ ಅಲ್ಲಿಂದಲೇ.

ಮೊದಲು ಅವರ ಸನ್ನೆ ಬರೆದಿಡಿ

ಇನ್ನೂರು ಪುಟದ ಒಂದು ನೋಟ್‌ಬುಕ್ ತನ್ನಿ. ಹದಿನೈದು ದಿನ ಏನನ್ನೂ ಕಲಿಸಲು ಹೋಗಬೇಡಿ, ಸುಮ್ಮನೆ ನೋಡಿ. ಕೈಯಲ್ಲಿ, ಮುಖದಲ್ಲಿ ಏನೇನು ಹೇಳುತ್ತಾರೆ, ಯಾವಾಗ ಹೇಳುತ್ತಾರೆ, ಅದಕ್ಕೆ ಮನೆಯಲ್ಲಿ ಯಾರು ಏನು ಅರ್ಥ ಮಾಡಿಕೊಳ್ಳುತ್ತಾರೆ, ಎಲ್ಲ ಬರೆದುಕೊಳ್ಳಿ. ಒಂದೊಂದು ಸನ್ನೆಯನ್ನೂ ಮೊಬೈಲಲ್ಲಿ ಐದು ಸೆಕೆಂಡಿನ ವಿಡಿಯೊ ಮಾಡಿಡಿ.

ತಮ್ಮನ ಹತ್ತಿರ 138 ಸನ್ನೆ ಸಿಕ್ಕವು. ತೀರ್ಥಹಳ್ಳಿ ಅಂದರೆ ಗಾಳಿಯಲ್ಲಿ ದೊಡ್ಡ ಚಕ್ರ ತಿರುಗಿಸುವುದು. ಎಳ್ಳಮಾವಾಸ್ಯೆ ಜಾತ್ರೆಯ ತೊಟ್ಟಿಲು ಅದು. ಶಿವಮೊಗ್ಗ ಅಂದರೆ ತೋಳಿಗೆ ಸೂಜಿ ಚುಚ್ಚುವುದು. ನಾನು ಅಂದರೆ ಹೆಗಲ ಮೇಲೆ ಜಡೆ, ಕೂದಲು ಕತ್ತರಿಸಿ ಹದಿನೈದು ವರ್ಷ ಆಗಿದ್ದರೂ.

ಈ ಪುಸ್ತಕ ಯಾಕೆ ಬೇಕು ಅಂತ ನಮಗೆ ಗೊತ್ತಾದದ್ದು ಅಮ್ಮ ಒಂದು ವಾರ ಆಸ್ಪತ್ರೆ ಸೇರಿದಾಗ. ತಮ್ಮ ಮಣಿಕಟ್ಟನ್ನು ಉಜ್ಜಿ ಉಜ್ಜಿ ತೋರಿಸುತ್ತಿದ್ದ. ಕೈ ನೋವು ಅಂತ ನಾವು ಮುಲಾಮು ಹಚ್ಚಿದೆವು. ಅವನು ತಳ್ಳಿ ಮತ್ತೆ ಉಜ್ಜಿದ. ಮೂರು ದಿನ ಹೀಗೇ ನಡೆದು, ನಾಲ್ಕನೇ ದಿನ ತಟ್ಟೆ ಎಸೆದ. ಅಮ್ಮ ಬಂದ ಮೇಲೆ ಕೇಳಿದರೆ, ಅದು ಬಳೆ. ಬಳೆ ಅಂದರೆ ಅಮ್ಮ. "ಅಮ್ಮ ಎಲ್ಲಿ" ಅಂತ ಮೂರು ದಿನ ಕೇಳಿದವನಿಗೆ ನಾವು ಮುಲಾಮು ಹಚ್ಚಿದ್ದೆವು. ಒಬ್ಬ ಮನುಷ್ಯನ ಭಾಷೆ ಪೂರ್ತಿ ಇನ್ನೊಬ್ಬರ ತಲೆಯಲ್ಲಿ ಇದ್ದುಬಿಟ್ಟರೆ ಅವರು ಮಲಗಿದ ದಿನ ಇವನ ಬಾಯಿಯೂ ಕಟ್ಟಿದ ಹಾಗೆ.

ಪುಸ್ತಕ ಆದ ಮೇಲೆ ಭಾರತೀಯ ಸಂಜ್ಞಾ ಭಾಷೆಯ ಪದಗಳನ್ನು ಸೇರಿಸುತ್ತ ಹೋಗಿ. ದೆಹಲಿಯಲ್ಲಿ 2015ರಲ್ಲಿ ಶುರುವಾದ ಭಾರತೀಯ ಸಂಜ್ಞಾ ಭಾಷೆ ಸಂಶೋಧನೆ ಮತ್ತು ತರಬೇತಿ ಕೇಂದ್ರ ಹತ್ತು ಸಾವಿರ ಪದಗಳ ನಿಘಂಟನ್ನು ವಿಡಿಯೊ ರೂಪದಲ್ಲಿ ಮಾಡಿ ಉಚಿತವಾಗಿ ಇಟ್ಟಿದೆ. ನಿಮ್ಮವರದೇ ಸನ್ನೆ ಇರುವ ಕಡೆ ಅದನ್ನು ಬದಲಿಸುವ ಗೋಜಿಗೆ ಹೋಗಬೇಡಿ. ಸನ್ನೆಯೇ ಇಲ್ಲದ ಸಂಗತಿಗಳಿಗೆ ಮಾತ್ರ ಹೊಸದನ್ನು ತನ್ನಿ: ಬ್ಯಾಂಕು, ಟಿಕೆಟ್, ಪೊಲೀಸ್, ಬಾಕಿ ಚಿಲ್ಲರೆ, ನಾಳೆ, ತಪ್ಪು. ವಾರಕ್ಕೆ ಎರಡು ಪದ ಸಾಕು. ಮನೆಯವರೆಲ್ಲ ಕಲಿಯಬೇಕು, ಅವರು ಕೋಣೆಯಲ್ಲಿದ್ದಾಗ ತಮ್ಮತಮ್ಮಲ್ಲೂ ಅದನ್ನೇ ಬಳಸಬೇಕು. ಕಿವಿ ಕೇಳುವ ಮಕ್ಕಳು ಮಾತು ಕಲಿಯುವುದು ಹಿರಿಯರ ಹರಟೆ ಕಿವಿಗೆ ಬಿದ್ದೇ. ಇವರ ಕಣ್ಣಿಗೂ ಒಂದಿಷ್ಟು ಹರಟೆ ಬೀಳಲಿ.

ತುಟಿ ನೋಡಿ ತಿಳಿದುಕೊಳ್ಳಲಿ ಅನ್ನುವವರಿದ್ದಾರೆ. ಎಲೆ ಅಡಿಕೆಯ ಕವಳ ಹಾಕಿಕೊಂಡ ಮಲೆನಾಡಿನ ಬಾಯಿ ಓದಲು ದೇವರಿಗೂ ಆಗಲಿಕ್ಕಿಲ್ಲ.

"ಬುದ್ಧಿ ಎಷ್ಟು" ಅನ್ನುವ ಪರೀಕ್ಷೆ

ಚಿಕ್ಕಂದಿನಲ್ಲಿ ಯಾವ ಭಾಷೆಯೂ ಸಿಗದೆ ಬೆಳೆದ ಕಿವುಡರು ಬುದ್ಧಿ ಚೆನ್ನಾಗಿದ್ದರೂ ಏನೂ ತಿಳಿಯದವರ ಹಾಗೆ ಕಾಣುತ್ತಾರೆ. ತಮ್ಮನ ಮೊದಲ ಪರೀಕ್ಷೆಯಲ್ಲಿ ಪ್ರಶ್ನೆಗಳನ್ನೆಲ್ಲ ಕನ್ನಡದಲ್ಲಿ ಜೋರಾಗಿ ಓದಿದರು! ಅವನು ಕಿಟಕಿ ನೋಡುತ್ತ ಕೂತಿದ್ದ, ಅಂಕ ಸೊನ್ನೆಯ ಹತ್ತಿರ ಬಂತು. ಮಾತಿನ ಮೇಲೆ ನಿಂತಿರದ, ಆಕಾರ, ಚಿತ್ರ, ಜೋಡಣೆಯ ಪರೀಕ್ಷೆಗಳಿವೆ. ಅದನ್ನೇ ಮಾಡಿ ಅಂತ ಕೇಳಿ, ಸನ್ನೆ ಗೊತ್ತಿರುವ ಒಬ್ಬರು ಪಕ್ಕದಲ್ಲಿರಲಿ ಅನ್ನಿ. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿಯ ತಪಾಸಣೆ ಮತ್ತು ಮನಶ್ಶಾಸ್ತ್ರಜ್ಞರ ಭೇಟಿ ಒಂದೇ ಕಡೆ ಆಗುತ್ತದೆ. ಒಂದು ಸಲದ ಪ್ರಯಾಣ ದಂಡವಲ್ಲ.

ವರ್ಷಕ್ಕೊಮ್ಮೆ ಕಣ್ಣನ್ನೂ ತೋರಿಸಿ. ಹುಟ್ಟು ಕಿವುಡಿನ ಕೆಲವು ಬಗೆಗಳಲ್ಲಿ ಚಿಕ್ಕಂದಿನಲ್ಲೋ ಹರೆಯದಲ್ಲೋ ಇರುಳುಗಣ್ಣು ಬಂದು, ನೋಟ ಅಂಚಿನಿಂದ ಒಳಗೆ ಕಿರಿದಾಗುತ್ತ ಹೋಗುತ್ತದೆ. ಮುಸ್ಸಂಜೆಗೆ ಮೆಟ್ಟಿಲು ಎಡವುವವರನ್ನು "ಕಣ್ಣು ನೆತ್ತಿ ಮೇಲಿದೆಯಾ" ಅಂತ ಗದರುವ ಮುಂಚೆ ಇದನ್ನು ನೆನೆಯಿರಿ. ಅವರಿಗೆ ಕಿವಿಯೂ ಭಾಷೆಯೂ ಕಣ್ಣೇ. ಶ್ರವಣ ಸಾಧನ ಇದ್ದರೆ ನಮ್ಮ ಮಳೆಗಾಲದ ಥಂಡಿಗೆ ರಾತ್ರಿ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ಒಲೆಯ ಮೇಲಿನ ಅಟ್ಟ ಉಪ್ಪಿನಕಾಯಿ ಭರಣಿಗೆ ಸರಿ, ಇದಕ್ಕಲ್ಲ.

ಕಾಗದ ಪತ್ರ

ಬೇಸರದ ಕೆಲಸ, ಬೇಗ ಹೇಳಿ ಮುಗಿಸುತ್ತೇನೆ. ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಯುಡಿಐಡಿ ಕಾರ್ಡ್ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಮಾಡಿಸಿ. ಇಲ್ಲಿ ಒಂದು ಎಚ್ಚರ: ಕಿವುಡುತನ ಒಂದನ್ನೇ ಬರೆಸಿ ಬಂದುಬಿಡಬೇಡಿ. ಬೌದ್ಧಿಕ ಅಂಗವೈಕಲ್ಯವೂ ಇದ್ದರೆ ಎರಡನ್ನೂ ಪರೀಕ್ಷಿಸಿ ಬಹು ಅಂಗವೈಕಲ್ಯ ಅಂತ ನಮೂದಾಗಬೇಕು. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಮತ್ತು ಬಹು ಅಂಗವೈಕಲ್ಯ ಇರುವವರಿಗಾಗಿ ಮಾಡಿದ್ದು. ಬರೀ ಕಿವುಡು ಅಂತ ಬರೆದ ಪ್ರಮಾಣಪತ್ರ ಹಿಡಿದು ಹೋದರೆ ಅದರ ನಿರಾಮಯ ಆರೋಗ್ಯ ವಿಮೆ ಸಿಗುವುದಿಲ್ಲ. ನಿರಾಮಯದಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ ವೆಚ್ಚ ಭರಿಸುತ್ತಾರೆ.

ಓಡಾಟಕ್ಕೆ ಮೊದಲು ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ. ವಿಆರ್‌ಡಬ್ಲ್ಯು ಅಂದರೆ ಎಲ್ಲರಿಗೂ ಗೊತ್ತು. ತಾಲೂಕಿಗೆ ಎಂಆರ್‌ಡಬ್ಲ್ಯು, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ.

ಹದಿನೆಂಟು ತುಂಬಿದ ಮೇಲೆ ತಂದೆ ತಾಯಿ ತಾವಾಗಿಯೇ ಕಾನೂನಿನ ಪೋಷಕರಾಗಿ ಮುಂದುವರಿಯುವುದಿಲ್ಲ. ಹಾಗಂತ ಓಡಿಹೋಗಿ ಎಲ್ಲದಕ್ಕೂ ಪೋಷಕತ್ವ ಮಾಡಿಸಲೇಬೇಕು ಅಂತಲೂ ಇಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಆಸ್ತಿ ಹೊಂದುವ, ತನ್ನ ಹಣ ತಾನು ನೋಡಿಕೊಳ್ಳುವ ಹಕ್ಕನ್ನು ಅವರಿಗೇ ಕೊಟ್ಟಿದೆ. ಅದರ 14ನೇ ಕಲಮಿನ ಸೀಮಿತ ಪೋಷಕತ್ವ ಅಂದರೆ ಒಂದು ನಿರ್ದಿಷ್ಟ ವಿಷಯಕ್ಕೆ, ಒಂದು ನಿರ್ದಿಷ್ಟ ಅವಧಿಗೆ, ಅವರ ಜೊತೆ ಸೇರಿ ತೀರ್ಮಾನಿಸುವುದು. ನ್ಯಾಷನಲ್ ಟ್ರಸ್ಟ್ ಕಾಯಿದೆಯಡಿ ಪೋಷಕರನ್ನು ನೇಮಿಸುವ ಸ್ಥಳೀಯ ಸಮಿತಿಯಲ್ಲಿ ಜಿಲ್ಲಾಧಿಕಾರಿ ಇರುತ್ತಾರೆ. ಜಮೀನು ಪಾಲಿನಂಥ ದೊಡ್ಡ ವಿಷಯ ಬಂದಾಗ ಅತ್ತ ನೋಡಿ. ಅಂಗಿ ಕೊಳ್ಳಲು ಯಾರ ಆದೇಶವೂ ಬೇಡ.

ಸಹಿ ಹಾಕಲು ಕಲಿಸಿ. ಒಂದು ಬ್ಯಾಂಕಿನಲ್ಲಿ ತಮ್ಮ ಪೆನ್ನಿಗೆ ಕೈ ಚಾಚಿದಾಗ ಗುಮಾಸ್ತರು ನನ್ನತ್ತ ನೋಡಿ ಇಂಕ್ ಪ್ಯಾಡ್ ಮುಂದೆ ತಳ್ಳಿದರು. ಎರಡೇ ಅಕ್ಷರದ ಸಹಿ ಕಲಿಯಲು ಅವನು ಆರು ತಿಂಗಳು ಸ್ಲೇಟು ತಿದ್ದಿದ್ದ.

ಕೊನೆಯ ಹೆಜ್ಜೆಯಿಂದ ಹಿಂದಕ್ಕೆ

ಕೆಲಸ ಕಲಿಸುವಾಗ ನಾವೆಲ್ಲ ಮೊದಲಿನಿಂದ ಶುರು ಮಾಡುತ್ತೇವೆ. ಅರ್ಧಕ್ಕೆ ಸುಸ್ತಾಗಿ "ಬಿಡು, ನಾನೇ ಮಾಡ್ತೀನಿ" ಅನ್ನುತ್ತೇವೆ. ಅವರ ಪಾಲಿಗೆ ಪ್ರತಿ ಸಲವೂ ಸೋಲು. ಇದನ್ನು ತಿರುಗಿಸಿ. ಚಹಾ ಮಾಡುವಾಗ ನೀರು, ಪುಡಿ, ಸಕ್ಕರೆ, ಹಾಲು, ಸೋಸುವುದು ಎಲ್ಲ ನೀವು ಮಾಡಿ, ಲೋಟಕ್ಕೆ ಬಗ್ಗಿಸುವುದನ್ನು ಮಾತ್ರ ಅವರಿಗೆ ಬಿಡಿ. ಮುಗಿಸಿದವರು ಅವರು. ಅದು ಗಟ್ಟಿಯಾದ ಮೇಲೆ ಸೋಸುವುದೂ ಅವರದು, ಆಮೇಲೆ ಒಲೆ ಆರಿಸುವುದು. ಹೀಗೆ ಒಂದೊಂದೇ ಹೆಜ್ಜೆ ಹಿಂದಕ್ಕೆ.

ಬಸ್ಸನ್ನೂ ನಾವು ಹೀಗೇ ಕಲಿಸಿದ್ದು, ಆದರೆ ಮೂರು ತಿಂಗಳು ಹಾಳು ಮಾಡಿಕೊಂಡ ಮೇಲೆ. ಮೊದಲು ನಾನು ಪ್ರತಿ ವಾರ ಅವನನ್ನು ಕರೆದುಕೊಂಡು ಹೋಗಿ ಬರುತ್ತಿದ್ದೆ. ಕೈ ತೋರಿಸಿ ಬಸ್ಸು ನಿಲ್ಲಿಸುವವಳು ನಾನು, ಟಿಕೆಟ್ ತೆಗೆಯುವವಳು ನಾನು, ಇಳಿಯುವಾಗ ಅವನ ರಟ್ಟೆ ಹಿಡಿಯುವವಳೂ ನಾನು. ಮೂರು ತಿಂಗಳಲ್ಲಿ ಅವನು ಕಲಿತದ್ದು ನನ್ನ ಹಿಂದೆ ನಡೆಯುವುದನ್ನು.

ಆಮೇಲೆ ಮಾಡಿದ್ದು ಹೀಗೆ. ಮೊದಲ ಎರಡು ವಾರ ವಾಪಸ್ ಬರುವಾಗ, ನಮ್ಮ ಸ್ಟಾಪಿನಲ್ಲಿ ಇಳಿದ ಮೇಲೆ ಮನೆಯ ದಾರಿಯಲ್ಲಿ ಅವನು ಮುಂದೆ, ನಾನು ಐವತ್ತು ಮಾರು ಹಿಂದೆ. ಮುಂದಿನ ವಾರಗಳಲ್ಲಿ ಇಳಿಯುವ ಜಾಗ ಗುರುತಿಸುವುದು ಅವನ ಕೆಲಸ. ಹಸಿರು ಬಣ್ಣದ ತಂಗುದಾಣ, ಅದರಾಚೆ ಸಂಕ (ಕಿರುಸೇತುವೆ), ಸಂಕ ಬಂದೊಡನೆ ಏಳಬೇಕು. ಎರಡರ ಫೋಟೊವೂ ಅವನ ಕಿಸೆಯಲ್ಲಿ. ಒಂದು ಸಲ ಅವನು ಏಳಲಿಲ್ಲ, ನಾನೂ ಏಳಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು ಎರಡು ಕಿಲೋಮೀಟರ್ ನಡೆದೆವು. ಅಲ್ಲಿಂದೀಚೆ ಆ ಸಂಕವನ್ನು ಅವನು ತಪ್ಪಿಸಿಕೊಂಡಿಲ್ಲ. ಆನಂತರ ನಾನು ಬಸ್ಸಿನ ಮುಂದಿನ ಬಾಗಿಲಲ್ಲಿ, ಅವನು ಹಿಂದಿನದರಲ್ಲಿ. ಆಮೇಲೆ ನಾನು ಸ್ಕೂಟರಿನಲ್ಲಿ ಬಸ್ಸಿನ ಹಿಂದೆ. ಕೊನೆಗೆ ನಾನು ಮನೆಯಲ್ಲಿ, ಗಡಿಯಾರದ ಮುಂದೆ. ಒಟ್ಟು ಹನ್ನೊಂದು ತಿಂಗಳು ಹಿಡಿಯಿತು.

ಕಂಡಕ್ಟರಿಗೆ ತೋರಿಸಲು ಒಂದು ಕಾರ್ಡು ಬರೆದುಕೊಡಿ. ನಮ್ಮದರಲ್ಲಿ ಇರುವುದು ಇಷ್ಟು: "ನನಗೆ ಕಿವಿ ಕೇಳುವುದಿಲ್ಲ. ತೀರ್ಥಹಳ್ಳಿ ಬಸ್ ಸ್ಟ್ಯಾಂಡಿಗೆ ಒಂದು ಟಿಕೆಟ್. ಬಸ್ಸು ಕೆಟ್ಟರೆ ದಯವಿಟ್ಟು ಈ ನಂಬರಿಗೆ ಫೋನ್ ಮಾಡಿ." ಮೊದಲ ಸಾಲು ನೀವು ಬರೆಯುವ ಮುಂಚೆ ಅವರನ್ನು ಕೇಳಿ. ತನ್ನ ವಿಷಯ ಯಾರಿಗೆ ಹೇಳಬೇಕು ಅನ್ನುವುದೂ ಅವರಿಗೆ ಸೇರಿದ್ದು. ಕೆಎಸ್‌ಆರ್‌ಟಿಸಿಯ ರಿಯಾಯಿತಿ ಪಾಸ್ ಮಾಡಿಸಿಕೊಳ್ಳಿ, ಆದರೆ ನಮ್ಮ ಕಡೆಯ ಒಳರಸ್ತೆಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳೇ. ಅಲ್ಲಿ ದುಡ್ಡು ಕೊಡುವ ಅಭ್ಯಾಸವೇ ಬೇಕು.

ದುಡ್ಡು

ಎಣಿಕೆ ಬರಲಿ, ಆಮೇಲೆ ದುಡ್ಡು ಕೊಡೋಣ ಅಂತ ಕಾದರೆ ಜನ್ಮ ಮುಗಿಯುತ್ತದೆ. ಬಣ್ಣದಿಂದ ಶುರು ಮಾಡಿ. ಹತ್ತು ಕಂದು, ಐವತ್ತು ನೀಲಿ, ನೂರು ತಿಳಿ ನೇರಳೆ, ಇನ್ನೂರು ಹಳದಿ, ಐನೂರು ಬೂದು. ತಮ್ಮನ ಕಿಸೆಯಲ್ಲಿ ಮೂರು ಚಿಕ್ಕ ಚೀಲಗಳು, ಒಂದರ ಮೇಲೆ ಬಸ್ಸಿನ ಚಿತ್ರ, ಒಂದರ ಮೇಲೆ ಬನ್ನಿನದು, ಇನ್ನೊಂದರ ಮೇಲೆ ಕತ್ತರಿ. ಬಸ್ಸಿನ ಚೀಲದಲ್ಲಿ ಎರಡು ನೀಲಿ ನೋಟು. ಹೋಗುವಾಗ ಒಂದು, ಬರುವಾಗ ಒಂದು, ಚಿಲ್ಲರೆಗೆ ಕೈ ಚಾಚಬೇಕು. ಒಂದು ಮತ್ತು ಎರಡು ರೂಪಾಯಿಯ ನಾಣ್ಯ ಅವನಿಗೆ ಇವತ್ತಿಗೂ ಗೊಂದಲ. ನನಗೂ ಕೆಲವೊಮ್ಮೆ.

ಮೊಬೈಲ್ ಪಾವತಿ ಕಲಿಸುವುದಾದರೆ ಬೇರೆಯೇ ಖಾತೆ ತೆರೆದು ಅದರಲ್ಲಿ ವಾರದ ದುಡ್ಡು ಮಾತ್ರ ಇಡಿ. ಅಂಗಡಿಯ ಸ್ಪೀಕರ್ ಪೆಟ್ಟಿಗೆ "ಇಪ್ಪತ್ತು ರೂಪಾಯಿ ಬಂದಿದೆ" ಅಂತ ಕೂಗುವುದು ಇವರಿಗೆ ಕೇಳುವುದಿಲ್ಲ. ಕೊಟ್ಟಾಯಿತೋ ಇಲ್ಲವೋ ತಿಳಿಯದೆ ಎರಡನೇ ಸಲ ಒತ್ತುತ್ತಾರೆ. ಹಸಿರು ಗುರುತು ಬಂದ ಪರದೆಯನ್ನು ಅಂಗಡಿಯವರಿಗೆ ತೋರಿಸಿ, ಅವರು ತಲೆ ಆಡಿಸಿದ ಮೇಲೆ ಮೊಬೈಲ್ ಕಿಸೆಗೆ. ಅಂಗಡಿಯವರಿಗೂ ಒಮ್ಮೆ ಹೇಳಿಡಿ.

ಅವರ ದುಡ್ಡು ನಿಮಗೆ ಬೇಡವೆನಿಸಿದ್ದಕ್ಕೆ ಖರ್ಚಾಗುತ್ತದೆ. ಆಗಲಿ. ತಮ್ಮ ಒಂದು ಸಲ ಕ್ಷೌರದ ದುಡ್ಡಿನಲ್ಲಿ ಕೆಂಪು ಲೈಟಿನ ಟಾರ್ಚು ಕೊಂಡು, ಒಂದು ತಿಂಗಳು ಗಡ್ಡ ಬಿಟ್ಟುಕೊಂಡು ತಿರುಗಿದ. ಅಮ್ಮ ಮತ್ತೆ ದುಡ್ಡು ಕೊಡಲು ಹೊರಟಿದ್ದರು. ನಾನು ಬಿಡಲಿಲ್ಲ.

ಕೆಲಸ, ಕೂಲಿ

ಹತ್ತು ವರ್ಷ ಅವನು ನಮ್ಮ ಅಡಿಕೆ ಸುಗ್ಗಿಯಲ್ಲಿ ದುಡಿದ, ಒಂದು ರೂಪಾಯಿ ಕೊಟ್ಟಿರಲಿಲ್ಲ. ಮನೆ ಮಗ ಅಂತ. ಅದೇ ಅಂಗಳದಲ್ಲಿ ಸುಲಿಯಲು ಕೂತ ಹೆಂಗಸರಿಗೆ ಕೂಲಿ ಎಣಿಸಿ ಕೊಡುವುದನ್ನು ಅವನು ಪ್ರತಿ ಸಂಜೆ ನೋಡುತ್ತಿದ್ದ. ಈಗ ಅವನಿಗೂ ಅದೇ ಹೊತ್ತಿಗೆ, ಅದೇ ದರದಲ್ಲಿ, ಕೈಗೇ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಕೆಲಸ ಅವನಿಗೆ ಒಗ್ಗಲಿಲ್ಲ, ಒಣಗಿದ ಅಡಿಕೆ ಆರಿಸುವುದರಲ್ಲಿ ಮಾತ್ರ ಅವನ ಕಣ್ಣು ತಪ್ಪುವುದಿಲ್ಲ. ರಾಶಿಯ ನಡುವೆ ಬಿದ್ದ ಗೊರಬಲನ್ನು (ಕೀಳು ದರ್ಜೆಯ ಅಡಿಕೆ) ಹೆಕ್ಕಿ ಎಸೆಯುವಾಗ ಮುಖದಲ್ಲಿ ಒಂದು ತಿರಸ್ಕಾರವೂ ಇರುತ್ತದೆ. ಈಗ ಪಕ್ಕದ ಎರಡು ಮನೆಯವರೂ ಕರೆಯುತ್ತಾರೆ.

ಬೇರೆಯವರ ಹತ್ತಿರ ಕಳಿಸುವಾಗ ಕೆಲಸ ಕೊಡುವವರಿಗೆ ಮೂರು ಮಾತು ಹೇಳಿ. ಕೆಲಸವನ್ನು ಬಾಯಲ್ಲಿ ಹೇಳಬೇಡಿ, ಒಂದು ಸಲ ಮಾಡಿ ತೋರಿಸಿ. ಹಿಂದಿನಿಂದ ಬಂದು ಮುಟ್ಟಬೇಡಿ, ಎದುರು ಬಂದು ಕೈ ಬೀಸಿ. ಕೂಗಿ ಎಚ್ಚರಿಸುವ ಜಾಗದಲ್ಲೆಲ್ಲ ಕಣ್ಣಿಗೆ ಕಾಣುವ ಗುರುತು ಬೇಕು. ಅಡಿಕೆಯ ಗೊನೆ, ನಮ್ಮ ಮಾತಲ್ಲಿ ಕೊನೆ, ಇಳಿಸುವ ದಿನ "ಹೋಯ್, ಕೊನೆ ಬಂತು" ಅನ್ನುವ ಕೂಗು ಅವನಿಗಿಲ್ಲ. ಅದಕ್ಕೇ ಕೊನೆಗಾರ ಮರ ಹತ್ತಿದ ಸಾಲಿನ ಎರಡೂ ತುದಿಗೆ ಕೆಂಪು ಬಟ್ಟೆ ಕಟ್ಟುತ್ತೇವೆ. ಬಟ್ಟೆ ಬಿಚ್ಚುವ ತನಕ ಅವನು ಆ ಸಾಲಿಗೆ ಕಾಲಿಡುವುದಿಲ್ಲ.

ಮಳೆ, ಕಾಡು, ಮೈ

ಪುನರ್ವಸು ಮಳೆ ತಗಡಿನ ಮೇಲೆ ಹೊಡೆಯುವಾಗ ನಮಗೂ ಕಿವಿ ಇಲ್ಲದ ಹಾಗೇ. ಆ ಹೊತ್ತಿನಲ್ಲಿ ಸನ್ನೆಯಲ್ಲಿ ಮಾತಾಡುವ ಮನೆಗೆ ಅನುಕೂಲ ಜಾಸ್ತಿ. ಆದರೆ ಕರೆಂಟು ಹೋದರೆ ಅವರ ಮಾತು ಪೂರ್ತಿ ನಿಲ್ಲುತ್ತದೆ. ಕತ್ತಲಲ್ಲಿ ಕೈ ಕಾಣುವುದಿಲ್ಲ. ಅವರ ಕೈಗೆ ಸಿಗುವ ಕಡೆ ಟಾರ್ಚು ಸದಾ ಇರಲಿ, ತಲೆದೆಸೆಯಲ್ಲೊಂದು, ಬಚ್ಚಲ ದಾರಿಯಲ್ಲೊಂದು. ಹಲಗೆಯ ಅಟ್ಟದಲ್ಲಿ ಮಲಗುವವರನ್ನು ಕಾಲು ಬಡಿದು ಎಬ್ಬಿಸಬಹುದು, ಮಣ್ಣಿನ ನೆಲದಲ್ಲಿ ಅದು ನಡೆಯುವುದಿಲ್ಲ. ಅಲ್ಲಿ ದಿಂಬಿನಡಿ ಇಡುವ ನಡುಗುವ ಅಲಾರಂ ಬೇಕು. ಹಳ್ಳ ಏರಿದಾಗ ಕಾಲುಸಂಕ ದಾಟಬಾರದು ಅನ್ನುವುದಕ್ಕೆ ಹೊಳೆಯ ಸದ್ದು ಅವರಿಗೆ ಸಾಕ್ಷಿ ಹೇಳುವುದಿಲ್ಲ. ಸಂಕದ ಕಂಬಕ್ಕೆ ಬಣ್ಣದ ಗೆರೆ ಎಳೆಯಿರಿ. ನೀರು ಗೆರೆ ಮುಟ್ಟಿದರೆ ವಾಪಸ್.

ಕಾಡಿಗೆ ಸೊಪ್ಪು, ದರಗು ತರಲು ಹೋಗುವವರಾದರೆ ಮಂಗನ ಕಾಯಿಲೆ ಬಗ್ಗೆ ಕಲಿಸಲೇಬೇಕು. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಉಣುಗು (ಉಣ್ಣೆ ಹುಳು) ಕಚ್ಚಿ ಬರುವ ಜ್ವರ ಅದು. ಡಿಸೆಂಬರಿನಿಂದ ಮೇ ತನಕ ಹಾವಳಿ ಹೆಚ್ಚು. ಧ್ವನಿವರ್ಧಕದ ಜೀಪು ಊರೆಲ್ಲ ಸುತ್ತಿ ಹೇಳಿಹೋದರೂ ಇವರಿಗೆ ಸುದ್ದಿ ಮುಟ್ಟಿರುವುದಿಲ್ಲ. ಸತ್ತ ಮಂಗನ ಚಿತ್ರ ತೋರಿಸಿ, ಮುಟ್ಟಬೇಡ, ಓಡಿ ಬಂದು ಕರಿ ಅಂತ ಆಡಿಸಿ ತೋರಿಸಿ. ಹೋಗುವ ಮುಂಚೆ ಮೈಗೆ ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆ ಕೊಡುವ ಎಣ್ಣೆ, ಬಂದ ಮೇಲೆ ಬಿಸಿನೀರ ಸ್ನಾನ, ಬಟ್ಟೆ ನೇರ ಬಕೆಟ್ಟಿಗೆ. ಜ್ವರ ಬಂದಾಗ ಎಲ್ಲಿ ನೋವು ಅಂತ ತೋರಿಸಲು ಮೈಯ ಒಂದು ರೇಖಾಚಿತ್ರ ಗೋಡೆಗೆ ಅಂಟಿಸಿ. ತಟ್ಟೆ ಎಸೆಯುವುದು, ತಲೆ ಚಚ್ಚಿಕೊಳ್ಳುವುದು ಹಟ ಅನ್ನುವ ಮುಂಚೆ ಹಲ್ಲು, ಕಿವಿ, ಹೊಟ್ಟೆ ನೋಡಿ.

ಮೈಯ ಗುಪ್ತ ಭಾಗಗಳಿಗೂ ಸನ್ನೆ ಕಲಿಸಿ. ಅಮ್ಮನಿಗೆ ಈ ಮಾತೇ ಮುಜುಗರ. ಆದರೆ ಹೇಳಲು ಪದ ಇಲ್ಲದವರ ಮೇಲೆ ಕೈ ಹಾಕುವವರಿಗೆ ಅದೇ ಧೈರ್ಯ. ಯಾರು ಮುಟ್ಟಬಹುದು, ಯಾವಾಗ, "ಬೇಡ" ಅನ್ನುವುದು ಹೇಗೆ, ಯಾರಿಗೆ ಬಂದು ಹೇಳಬೇಕು, ಇದೆಲ್ಲ ಆಡಿ ತೋರಿಸಬೇಕು. ಕೋರ್ಟಿನಲ್ಲಿ ಸನ್ನೆಯಲ್ಲಿ ಕೊಟ್ಟ ಸಾಕ್ಷಿಗೂ ಬೆಲೆ ಇದೆ, ಭಾಷಾಂತರಕಾರರನ್ನು ಕರೆಸಿ ವಿಡಿಯೊ ಮಾಡಿಕೊಳ್ಳಬೇಕು. ನೀವು ಮೊದಲು ಬರೆದಿಟ್ಟ ಆ ನೋಟ್‌ಬುಕ್ ಅಲ್ಲಿಯೂ ಬೇಕಾಗುತ್ತದೆ. ಮನೆಯಲ್ಲಿ ಅವರ "ಬೇಡ"ಕ್ಕೆ ಬೆಲೆ ಇಲ್ಲದಿದ್ದರೆ ಹೊರಗೆ ಆ ಸನ್ನೆ ಕೈಗೆ ಬರುವುದೂ ಇಲ್ಲ. ಬಲವಂತದ ಎರಡನೇ ದೋಸೆಯಿಂದಲೇ ಅದು ಶುರು.

ಒಂದು ರಾತ್ರಿ ಒಬ್ಬರೇ

"ನಮ್ಮ ನಂತರ ಯಾರು" ಅಂತ ಎಲ್ಲ ಅಪ್ಪ ಅಮ್ಮ ನಿಟ್ಟುಸಿರು ಬಿಡುತ್ತಾರೆ, ಅವರು ಇರುವಾಗಲೇ ಒಂದು ದಿನ ಪ್ರಯೋಗ ಮಾಡಿ ನೋಡುವವರು ಕಡಿಮೆ. ಮೊದಲು ಒಂದು ಮಧ್ಯಾಹ್ನ, ಆಮೇಲೆ ಒಂದು ಸಂಜೆ, ಆಮೇಲೆ ರಾತ್ರಿ. ಯಾವತ್ತು ಹೋಗುತ್ತೀರಿ, ಯಾವತ್ತು ಬರುತ್ತೀರಿ ಅಂತ ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಅವರ ಕೈಯಲ್ಲೇ ಗುರುತು ಹಾಕಿಸಿ. ಹೇಳದೆ ಮಾಯವಾದರೆ ನಮ್ಮ ಬಳೆಯ ಕತೆಯೇ ಆಗುತ್ತದೆ. ಪಕ್ಕದ ಮನೆಗೆ ತಿಳಿಸಿ, ನೆಟ್‌ವರ್ಕ್ ಇದ್ದರೆ ರಾತ್ರಿ ಒಂದೇ ಒಂದು ವಿಡಿಯೊ ಕರೆ.

ನಾವು ಸಾಗರದ ಕಡೆ ಒಂದು ಮದುವೆಗೆ ಹೋಗಿ ಮರುದಿನ ಬರುವುದಿತ್ತು, ಆದರೆ ಅಮ್ಮನಿಗೆ ಜೀವ ತಡೆಯದೆ ಅದೇ ರಾತ್ರಿ ಹನ್ನೊಂದಕ್ಕೆ ಮನೆ ಮುಂದೆ ಬಂದು ನಿಂತೆವು. ತಮ್ಮ ಒಳಗಿಂದ ಚಿಲಕ ಹಾಕಿಕೊಂಡು ಮಲಗಿದ್ದ. ಕ್ಯಾಲೆಂಡರಿನ ಪ್ರಕಾರ ನಾವು ನಾಳೆ ಬರುವವರು. ಬಡಿದರೆ ಕೇಳುವುದಿಲ್ಲ, ಮೊಬೈಲ್ ಇನ್ನೊಂದು ಕೋಣೆಯಲ್ಲಿ. ಮಳೆಯಲ್ಲಿ ಅರ್ಧ ಗಂಟೆ ನಿಂತು, ಕಿಟಕಿ ಸಂದಿಯಿಂದ ಅವನ ಮುಖಕ್ಕೆ ಟಾರ್ಚು ಹಾಯಿಸಿ ಹಾಯಿಸಿ ಕೊನೆಗೂ ಎಬ್ಬಿಸಿದೆವು. ಒಲೆ ಆರಿತ್ತು, ನಾಯಿಗೆ ಅನ್ನ ಹಾಕಿದ್ದ, ತಾನು ಉಂಡು ತಟ್ಟೆ ತೊಳೆದಿಟ್ಟಿದ್ದ. ಕ್ಯಾಲೆಂಡರಿನತ್ತ ಕೈ ತೋರಿಸಿ ನಮ್ಮನ್ನು ಚೆನ್ನಾಗಿ ಬೈದ.

ಚಿಲಕ ತೆಗೆಸಿ ಹೊರಗಿನಿಂದಲೂ ತೆರೆಯುವ ಬೀಗ ಹಾಕಿಸಿದ್ದೇವೆ. ಒಂದು ಕೀ ಅವನ ಹತ್ತಿರ, ಒಂದು ನಮ್ಮ ಹತ್ತಿರ. ಮೂರನೆಯದನ್ನು ಯಾರ ಮನೆಯಲ್ಲಿ ಇಡೋಣ ಅಂತ ಅವನನ್ನೇ ಕೇಳಿದೆವು. ಪಕ್ಕದಲ್ಲೇ ಚಿಕ್ಕಪ್ಪನ ಮನೆ ಇದೆ. ಅವನು ತಲೆ ಅಲ್ಲಾಡಿಸಿ, ಸಂಕದಾಚೆಗೆ ಕೈ ತೋರಿಸಿದ. ಅಲ್ಲಿಯ ಹುಡುಗಿ ನಮ್ಮ ನೋಟ್‌ಬುಕ್ ನೋಡಿ ಅರವತ್ತು ಸನ್ನೆ ಕಲಿತಿದ್ದಾಳೆ. ಕೀ ಈಗ ಅಲ್ಲಿದೆ. ಚಿಕ್ಕಪ್ಪನಿಗೆ ಸ್ವಲ್ಪ ಬೇಜಾರು.